ಅಯೋಡಿನ್ ಸ್ಕ್ಯಾನ್ ಕ್ಲೀನ್, ಟಿಜಿ ಮಾತ್ರ ಏರುತ್ತಿದೆ: ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಪೆಟ್ ಸ್ಕ್ಯಾನ್ ಯಾವಾಗ ಬೇಕು?

ಥೈರಾಯ್ಡ್ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಅಯೋಡಿನ್ ಚಿಕಿತ್ಸೆಯೂ ಮುಗಿದಿದೆ. ಎರಡು-ಮೂರು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಸಲದ ರಕ್ತಪರೀಕ್ಷೆಯಲ್ಲಿ ಟಿಜಿ, ಅಂದರೆ ಥೈರೋಗ್ಲೋಬ್ಯುಲಿನ್ ಅನ್ನುವ ಪ್ರೋಟೀನ್, ಸ್ವಲ್ಪ ಜಾಸ್ತಿ ಬರುತ್ತದೆ. ಮುಂದಿನ ಸಲ ಇನ್ನಷ್ಟು. ಡಾಕ್ಟರು ಇಡೀ ದೇಹದ ಅಯೋಡಿನ್ ಸ್ಕ್ಯಾನ್ ಮಾಡಿಸುತ್ತಾರೆ, ಅದರಲ್ಲಿ ಏನೂ ಕಾಣುವುದಿಲ್ಲ. ರೋಗ ಇದೆ ಅಂತ ರಕ್ತ ಹೇಳುತ್ತದೆ, ಇಲ್ಲ ಅಂತ ಸ್ಕ್ಯಾನ್ ಹೇಳುತ್ತದೆ. ರೋಗಿಗೂ ಮನೆಯವರಿಗೂ ಯಾವುದನ್ನು ನಂಬಬೇಕೋ ಗೊತ್ತಾಗುವುದಿಲ್ಲ.

ಪೆಟ್ ಸ್ಕ್ಯಾನ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲಿ. ಆದರೆ ಅದರ ಬಗ್ಗೆ ಎರಡು ಕಡೆಯಿಂದಲೂ ತಪ್ಪು ತಿಳಿವಳಿಕೆ ಇದೆ. ಕೆಲವರು ಆಪರೇಷನ್ ಆದ ಮೂರನೇ ತಿಂಗಳಿಗೇ "ಒಂದು ಫುಲ್ ಬಾಡಿ ಪೆಟ್ ಮಾಡಿಸಿಬಿಡೋಣ, ಸಮಾಧಾನ ಆಗುತ್ತೆ" ಎನ್ನುತ್ತಾರೆ. ಇನ್ನು ಕೆಲವರಿಗೆ, ಪೆಟ್ ಮಾಡಲೇಬೇಕಾದ ಸಮಯ ಬಂದರೂ ಅದನ್ನು ಮಾಡದೆ, ಏನೂ ಕಾಣದ ಜಾಗಕ್ಕೆ ಮತ್ತೊಂದು ದೊಡ್ಡ ಡೋಸ್ ಅಯೋಡಿನ್ ಕೊಟ್ಟು ನೋಡುತ್ತಾರೆ. ಎರಡೂ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಮೊದಲು ಈ ಕ್ಯಾನ್ಸರ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು.

ನಾನಿಲ್ಲಿ ಮಾತಾಡುತ್ತಿರುವುದು ಮುಖ್ಯವಾಗಿ ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಅನ್ನುವ ಎರಡು ಬಗೆಯ ಬಗ್ಗೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇವೇ. ಒಳ್ಳೆಯ ಸಂಗತಿ ಏನೆಂದರೆ ಇವು ಹೆಚ್ಚಿನವರಲ್ಲಿ ನಿಧಾನಕ್ಕೆ ಬೆಳೆಯುತ್ತವೆ, ಸರಿಯಾದ ಚಿಕಿತ್ಸೆ ಸಿಕ್ಕಿದರೆ ಜನ ಪೂರ್ತಿ ಆಯಸ್ಸು ಬದುಕುತ್ತಾರೆ. ಥೈರಾಯ್ಡ್ ಜೀವಕೋಶಕ್ಕೆ ಒಂದು ವಿಶೇಷ ಗುಣ ಇದೆ. ಹಾರ್ಮೋನ್ ಮಾಡಲು ಅದಕ್ಕೆ ಅಯೋಡಿನ್ ಬೇಕು, ಹಾಗಾಗಿ ರಕ್ತದಲ್ಲಿರುವ ಅಯೋಡಿನ್ನನ್ನು ಎಳೆದುಕೊಳ್ಳುತ್ತದೆ. ಈ ಕೆಲಸ ಮಾಡುವುದು ಜೀವಕೋಶದ ಗೋಡೆಯಲ್ಲಿರುವ ಒಂದು ಪ್ರೋಟೀನ್. ಅದರ ಜೀನನ್ನು 1996ರಲ್ಲಿ ನ್ಯಾನ್ಸಿ ಕರಾಸ್ಕೊ ಅವರ ತಂಡ ಗುರುತಿಸಿತು. ವೈದ್ಯರು ಈ ಗುಣವನ್ನು ಬಳಸಲು ಶುರು ಮಾಡಿದ್ದು ಅದಕ್ಕಿಂತ ಎಷ್ಟೋ ಮೊದಲು. 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಜ್ ವಿಕಿರಣ ಅಯೋಡಿನ್ನನ್ನು ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್‌ಗೆ ಕೊಟ್ಟರು. 1946ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಸೈಡ್ಲಿನ್, ಹರಡಿದ ಥೈರಾಯ್ಡ್ ಕ್ಯಾನ್ಸರ್ ಇದ್ದ ಒಬ್ಬ ರೋಗಿಗೆ ಅದನ್ನು ಕೊಟ್ಟ ವರದಿ ಪ್ರಕಟಿಸಿದರು. ಇವತ್ತಿಗೂ ಆಪರೇಷನ್ ಆದಮೇಲೆ ಕೊಡುವ ಅಯೋಡಿನ್-131 ಅದೇ ದಾರಿಯಲ್ಲಿ ಬಂದದ್ದು. ಕ್ಯಾನ್ಸರ್ ಕೋಶ ತಾನಾಗಿಯೇ ಅದನ್ನು ನುಂಗುತ್ತದೆ, ಒಳಗಿನಿಂದಲೇ ಸುಟ್ಟುಹೋಗುತ್ತದೆ. ಸ್ಕ್ಯಾನ್‌ನಲ್ಲೂ ಕಾಣುತ್ತದೆ.

ಥೈರೋಗ್ಲೋಬ್ಯುಲಿನ್, ಅಂದರೆ ಎಲ್ಲರೂ ಟಿಜಿ ಎನ್ನುವುದು, ಥೈರಾಯ್ಡ್ ಕೋಶ ಮಾತ್ರ ಮಾಡುವ ಪ್ರೋಟೀನ್. ಗ್ರಂಥಿಯನ್ನು ಪೂರ್ತಿ ತೆಗೆದು, ಉಳಿದ ಚೂರುಪಾರನ್ನೂ ಅಯೋಡಿನ್‌ನಿಂದ ಸುಟ್ಟಮೇಲೆ ಅದು ಇರಲೇಬಾರದು. ಥೈರಾಕ್ಸಿನ್ ಮಾತ್ರೆ ತಗೊಳ್ಳುತ್ತಾ ಇರುವಾಗ ಟಿಜಿ 0.2 ನ್ಯಾನೋಗ್ರಾಂಗಿಂತ ಕಡಿಮೆ ಇದ್ದು, ಕತ್ತಿನ ಸ್ಕ್ಯಾನಿಂಗ್ ಕೂಡ ಸರಿ ಇದ್ದರೆ ಡಾಕ್ಟರು ಖುಷಿಯಿಂದ ಮನೆಗೆ ಕಳಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಟಿಜಿ ಜೊತೆ ಆಂಟಿ-ಟಿಜಿ ಆಂಟಿಬಾಡಿ ಪರೀಕ್ಷೆಯನ್ನೂ ಮಾಡಿಸಲೇಬೇಕು. ಈ ರೋಗಿಗಳಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಆ ಆಂಟಿಬಾಡಿ ಇರುತ್ತದೆ, ಇದ್ದರೆ ಟಿಜಿ ಸುಳ್ಳೇ ಕಡಿಮೆ ತೋರಿಸುತ್ತದೆ. ಅಂಥವರಲ್ಲಿ ಆಂಟಿಬಾಡಿಯ ಮಟ್ಟ ಏರುತ್ತಿದೆಯಾ, ಇಳಿಯುತ್ತಿದೆಯಾ ಅನ್ನುವುದನ್ನೇ ಗಮನಿಸಬೇಕಾಗುತ್ತದೆ. ಇನ್ನೊಂದು, ಪ್ರತಿ ಸಲವೂ ಅದೇ ಲ್ಯಾಬ್‌ನಲ್ಲಿ ಮಾಡಿಸುವುದು ಒಳ್ಳೆಯದು. ಲ್ಯಾಬ್ ಬದಲಾದರೆ ವಿಧಾನ ಬದಲಾಗುತ್ತದೆ, ನಂಬರ್ ಏರಿದ್ದು ರೋಗದಿಂದಲೋ ಯಂತ್ರದಿಂದಲೋ ಹೇಳುವುದು ಕಷ್ಟ.

ಸರಿ, ಹಾಗಾದರೆ ಟಿಜಿ ಏರಿದರೂ ಅಯೋಡಿನ್ ಸ್ಕ್ಯಾನ್‌ನಲ್ಲಿ ಕಾಣದೇ ಇರುವುದು ಹೇಗೆ?

ಕೆಲವು ಕ್ಯಾನ್ಸರ್ ಕೋಶಗಳು ಕಾಲ ಕಳೆದ ಹಾಗೆ ತಮ್ಮ ಮೂಲ ಗುಣ ಬಿಡುತ್ತವೆ. ಅಯೋಡಿನ್ ಎಳೆದುಕೊಳ್ಳುವ ಆ ಪ್ರೋಟೀನ್ ಕಡಿಮೆಯಾಗುತ್ತದೆ, ಅಥವಾ ಜೀವಕೋಶದ ಗೋಡೆಗೆ ಬಂದು ಸೇರುವುದೇ ಇಲ್ಲ. ಬಿ-ರಾಫ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇರುವ ಪ್ಯಾಪಿಲರಿ ಕ್ಯಾನ್ಸರ್‌ಗಳಲ್ಲಿ ಇದು ಹೆಚ್ಚು. ಟಿಜಿ ಮಾಡುವ ಶಕ್ತಿ ಮಾತ್ರ ಇನ್ನೂ ಉಳಿದಿರುತ್ತದೆ. ಅದಕ್ಕೇ ರಕ್ತದಲ್ಲಿ ಸಿಗುತ್ತದೆ, ಸ್ಕ್ಯಾನ್‌ನಲ್ಲಿ ಸಿಗುವುದಿಲ್ಲ. ಈ ಸ್ಥಿತಿಗೆ ವೈದ್ಯರು ಟೆನಿಸ್ (TENIS) ಸಿಂಡ್ರೋಮ್ ಎನ್ನುತ್ತಾರೆ, 'ಟಿಜಿ ಏರಿದೆ, ಅಯೋಡಿನ್ ಸ್ಕ್ಯಾನ್ ನೆಗೆಟಿವ್' ಅನ್ನುವುದರ ಇಂಗ್ಲಿಷ್ ಚಿಕ್ಕ ರೂಪ ಅದು, ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದೇ ಹೊತ್ತಿಗೆ ಈ ಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿ ಆಗುತ್ತದೆ. ಗ್ಲೂಕೋಸ್ ಒಳಗೆ ಬಿಡುವ ಬಾಗಿಲುಗಳು, ಅಂದರೆ ಗ್ಲೂಟ್-1 ಎಂಬ ಪ್ರೋಟೀನ್‌ಗಳು, ಹೆಚ್ಚಾಗುತ್ತವೆ. ಅಯೋಡಿನ್ ಹಿಡಿಯುವ ಗಡ್ಡೆ ಸಕ್ಕರೆಯನ್ನು ಅಷ್ಟಾಗಿ ಹಿಡಿಯುವುದಿಲ್ಲ, ಸಕ್ಕರೆ ಹಿಡಿಯುವ ಗಡ್ಡೆ ಅಯೋಡಿನ್ ಬಿಡುತ್ತದೆ. 1996ರಲ್ಲಿ ಜರ್ಮನಿಯ ವೈದ್ಯರು ಇದನ್ನು 'ಫ್ಲಿಪ್-ಫ್ಲಾಪ್' ಅಂತ ಕರೆದರು, ಆ ಹೆಸರು ಉಳಿಯಿತು. ಇದು ಎಲ್ಲರಲ್ಲೂ ಅಚ್ಚುಕಟ್ಟಾಗಿ ನಡೆಯುವುದಿಲ್ಲ. ಒಬ್ಬರದೇ ದೇಹದಲ್ಲಿ ಒಂದು ಗಂಟು ಅಯೋಡಿನ್ ಹಿಡಿದರೆ, ಪಕ್ಕದ್ದು ಸಕ್ಕರೆ ಹಿಡಿಯಬಹುದು, ಇನ್ನೊಂದು ಎರಡನ್ನೂ ಹಿಡಿಯಬಹುದು.

ಪೆಟ್ ಸ್ಕ್ಯಾನ್ ಹಿಡಿಯುವುದು ಈ ಸಕ್ಕರೆಯ ಹಸಿವನ್ನು. ಗ್ಲೂಕೋಸ್ ತರಹವೇ ಇರುವ ಎಫ್‌ಡಿಜಿ ಎಂಬ ವಸ್ತುವಿಗೆ ಫ್ಲೋರಿನ್-18 ಅನ್ನುವ ವಿಕಿರಣ ಅಣು ಅಂಟಿಸಿ ಕೈಯ ರಕ್ತನಾಳಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಕೋಶಕ್ಕೆ ಅದು ಸಕ್ಕರೆಯೇ. ಒಳಗೆ ಬಿಟ್ಟುಕೊಂಡು ಮೊದಲ ಹಂತದ ಕೆಲಸ ಮಾಡುತ್ತದೆ, ಮುಂದೆ ಅರಗಿಸಲು ಆಗುವುದಿಲ್ಲ, ಹೊರಗೂ ಬಿಡಲಾಗುವುದಿಲ್ಲ. ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಂದ ಹೊರಡುವ ಕಿರಣಗಳನ್ನು ಸುತ್ತಲಿನ ಯಂತ್ರ ಹಿಡಿದು ಚಿತ್ರ ಮಾಡುತ್ತದೆ, ಜೊತೆಗೇ ತೆಗೆದ ಸಿಟಿ ಸ್ಕ್ಯಾನ್ ಆ ಹೊಳಪು ದೇಹದ ಯಾವ ಜಾಗದ್ದು ಅನ್ನುವುದನ್ನು ತೋರಿಸುತ್ತದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸ್ ಹೆಚ್ಚು ಬಳಸುತ್ತವೆ ಎನ್ನುವುದನ್ನು ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಹೇಳಿದ್ದರು. ಎಫ್‌ಡಿಜಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾರಿಗೆ ಮಾಡಿಸಬೇಕು?

ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರ ಮಾರ್ಗಸೂಚಿಯಲ್ಲಿ ಹೇಳಿದ್ದು ಇಷ್ಟು: ರೋಗ ಮರುಕಳಿಸುವ ಅಪಾಯ ಹೆಚ್ಚಿರುವವರಲ್ಲಿ ಟಿಜಿ ಏರಿದ್ದು, ಸಾಮಾನ್ಯವಾಗಿ 10 ನ್ಯಾನೋಗ್ರಾಂಗಿಂತ ಜಾಸ್ತಿ, ಅಯೋಡಿನ್ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ಪೆಟ್ ಯೋಚಿಸಬಹುದು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2003ರಲ್ಲಿ ಥೈರಾಯ್ಡ್ ಕ್ಯಾನ್ಸರ್‌ಗೆ ಪೆಟ್ ದುಡ್ಡು ಕೊಡಲು ಒಪ್ಪಿದಾಗ ಹಾಕಿದ ಷರತ್ತೂ ಇದೇ: ಗ್ರಂಥಿ ತೆಗೆದಿರಬೇಕು, ಅಯೋಡಿನ್ ಚಿಕಿತ್ಸೆ ಆಗಿರಬೇಕು, ಟಿಜಿ 10 ದಾಟಿರಬೇಕು, ಅಯೋಡಿನ್ ಸ್ಕ್ಯಾನ್ ನೆಗೆಟಿವ್ ಇರಬೇಕು. ಈ ಹತ್ತಕ್ಕೆ ಕಾರಣ ಇದೆ. ಟಿಜಿ ಕಡಿಮೆ ಇದ್ದಾಗ ರೋಗದ ಗಾತ್ರವೂ ಸಣ್ಣದು, ಅದು ಪೆಟ್ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ. ಟಿಜಿ ಏರಿದ ಹಾಗೆ ಸಿಗುವ ಸಾಧ್ಯತೆಯೂ ಏರುತ್ತದೆ.

ಆದರೆ ಹತ್ತು ಅನ್ನುವುದನ್ನು ಗೆರೆ ಕೊರೆದ ಹಾಗೆ ಹಿಡಿದುಕೊಂಡು ಕೂರುವುದು ಬೇಡ. ನನಗೆ ಒಂದೇ ನಂಬರ್‌ಗಿಂತ ಅದು ಏರುವ ವೇಗ ಮುಖ್ಯ ಅನ್ನಿಸುತ್ತದೆ. ಟಿಜಿ ಒಂದು ವರ್ಷದೊಳಗೆ ದುಪ್ಪಟ್ಟಾಗುತ್ತಿದ್ದರೆ ಅದು ಗಂಭೀರ ಲಕ್ಷಣ, ಆಗ ಅದು 6 ಇದ್ದರೂ ಹುಡುಕುವುದಕ್ಕೆ ಅರ್ಥ ಇದೆ. ಹಲವು ವರ್ಷದಿಂದ 12ರಲ್ಲೇ ನಿಂತಿದ್ದರೆ ಅಷ್ಟು ಅವಸರ ಇಲ್ಲ. ಇನ್ನು ಕೆಲವು ಬಗೆಯ ಕ್ಯಾನ್ಸರ್‌ಗಳಿವೆ, ಹರ್ತ್‌ಲ್ ಸೆಲ್ ಅನ್ನುವುದು, ಹಾಗೇ ಪೂರ್ಲಿ ಡಿಫರೆನ್ಷಿಯೇಟೆಡ್, ಅಂದರೆ ಥೈರಾಯ್ಡ್ ಕೋಶದ ಗುಣ ಬಹಳಷ್ಟು ಕಳೆದುಕೊಂಡದ್ದು, ಅಂತ ಬಯಾಪ್ಸಿಯಲ್ಲಿ ಬರೆದಿರುವುದು. ಹರ್ತ್‌ಲ್ ಸೆಲ್ ಗಡ್ಡೆಗಳು ಹೆಚ್ಚಾಗಿ ಅಯೋಡಿನ್ ಹಿಡಿಯುವುದೇ ಇಲ್ಲ, ಪೆಟ್‌ನಲ್ಲಿ ಮಾತ್ರ ಚೆನ್ನಾಗಿ ಹೊಳೆಯುತ್ತವೆ. ಪೂರ್ಲಿ ಡಿಫರೆನ್ಷಿಯೇಟೆಡ್ ಗಡ್ಡೆಗಳು ರೋಗ ಜಾಸ್ತಿ ಇದ್ದರೂ ಟಿಜಿಯನ್ನು ಕಡಿಮೆ ಮಾಡಬಹುದು. ಇವರಲ್ಲಿ ಹತ್ತಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ.

ಪೆಟ್‌ಗಿಂತ ಮೊದಲು ಒಂದು ಕೆಲಸ ಆಗಲೇಬೇಕು. ಅದು ಕತ್ತಿನ ಅಲ್ಟ್ರಾಸೌಂಡ್. ಈ ಕ್ಯಾನ್ಸರ್ ಮರಳಿ ಬಂದರೆ ಹೆಚ್ಚಾಗಿ ಬರುವುದು ಕತ್ತಿನ ಲಿಂಫ್ ಗ್ರಂಥಿಗಳಲ್ಲೇ. ಅನುಭವಿ ಕೈಯಲ್ಲಿ ಅಲ್ಟ್ರಾಸೌಂಡ್ ಕೆಲವೇ ಮಿಲಿಮೀಟರ್ ಗಾತ್ರದ ಗಂಟನ್ನೂ ತೋರಿಸುತ್ತದೆ, ವಿಕಿರಣ ಇಲ್ಲ, ಖರ್ಚೂ ಕಡಿಮೆ. ಅನುಮಾನ ಬಂದ ಗಂಟಿಗೆ ಅಲ್ಲೇ ಸೂಜಿ ಹಾಕಬಹುದು. ಸೂಜಿಯಲ್ಲಿ ಬಂದ ಕೋಶಗಳನ್ನು ಗಾಜಿನ ಮೇಲೆ ಹಚ್ಚಿದ ಮೇಲೆ ಅದೇ ಸೂಜಿಯನ್ನು ಒಂದು ಎಂಎಲ್ ಸಲೈನ್‌ನಲ್ಲಿ ತೊಳೆದು, ಆ ನೀರಿನಲ್ಲಿ ಟಿಜಿ ಎಷ್ಟಿದೆ ಅಂತ ಅಳೆಯುತ್ತಾರೆ. ಥೈರಾಯ್ಡ್ ಗ್ರಂಥಿಯನ್ನೇ ತೆಗೆದಿರುವಾಗ ಲಿಂಫ್ ಗಂಟಿನೊಳಗೆ ಟಿಜಿ ಇರಲು ಬೇರೆ ಕಾರಣವೇ ಇಲ್ಲ. ಜಾಸ್ತಿ ಬಂದರೆ ಅದು ಥೈರಾಯ್ಡ್ ಕ್ಯಾನ್ಸರ್ ಅಂತಲೇ ಲೆಕ್ಕ. ಇಷ್ಟು ಸುಲಭವಾಗಿ ಸಿಗುವ ಉತ್ತರವನ್ನು ಬಿಟ್ಟು ನೇರ ಪೆಟ್‌ಗೆ ಓಡುವುದು ದುಡ್ಡು, ಸಮಯ ಎರಡೂ ದಂಡ.

ಹಾಗಿದ್ದರೆ ಪೆಟ್ ಯಾಕೆ ಬೇಕು ಅಂತ ಕೇಳಬಹುದು. ಅಲ್ಟ್ರಾಸೌಂಡ್‌ಗೆ ಕಾಣದ ಜಾಗಗಳು ಬೇಕಾದಷ್ಟಿವೆ. ಎದೆಮೂಳೆಯ ಹಿಂದೆ, ಶ್ವಾಸನಾಳದ ಹಿಂಬದಿ, ಗಂಟಲಿನ ಹಿಂಭಾಗದಲ್ಲಿ ಮೇಲಕ್ಕೆ, ಶ್ವಾಸಕೋಶ, ಮೂಳೆ. ಒಂದು ಉದಾಹರಣೆ ತಗೊಳ್ಳೋಣ. ಐವತ್ತೆರಡು ವರ್ಷದ ಒಬ್ಬ ಹೆಣ್ಣುಮಗಳು ಅಂತ ಇಟ್ಟುಕೊಳ್ಳಿ. ಪ್ಯಾಪಿಲರಿ ಕ್ಯಾನ್ಸರ್, ಆಪರೇಷನ್ ಆಗಿದೆ, ಒಂದು ಸಲ ಅಯೋಡಿನ್ ಆಗಿದೆ. ಟಿಜಿ ಮೊದಲು 1.1, ಮರುವರ್ಷ 3.8, ಅದರ ಮರುವರ್ಷ 14. ಅಂದರೆ ಆರೇಳು ತಿಂಗಳಿಗೊಮ್ಮೆ ದುಪ್ಪಟ್ಟು. ಆಂಟಿಬಾಡಿ ಇಲ್ಲ. ಅಯೋಡಿನ್ ಸ್ಕ್ಯಾನ್ ಖಾಲಿ. ಕತ್ತಿನ ಅಲ್ಟ್ರಾಸೌಂಡ್‌ನಲ್ಲೂ ಏನಿಲ್ಲ. ಪೆಟ್ ಮಾಡಿದಾಗ ಎದೆಮೂಳೆಯ ಹಿಂದೆ 14 ಮಿಲಿಮೀಟರಿನ ಒಂದು ಗಂಟು ಜೋರಾಗಿ ಹೊಳೆಯುತ್ತದೆ, ಶ್ವಾಸಕೋಶದಲ್ಲಿ 4 ಮಿಲಿಮೀಟರಿನ ಮೂರು ಚುಕ್ಕೆಗಳು ಸಿಟಿಯಲ್ಲಿ ಕಾಣುತ್ತವೆ, ಆದರೆ ಹೊಳೆಯುವುದಿಲ್ಲ.

ಇದನ್ನು ಹೇಗೆ ಓದಬೇಕು? ಹೊಳೆದ ಗಂಟಿನ ವಿಷಯ ಸ್ಪಷ್ಟ. ಬೇರೆಡೆ ಏನೂ ಹೊಳೆಯದಿದ್ದರೆ ಸರ್ಜನ್ ಹತ್ತಿರ ತೆಗೆಯುವ ಮಾತಾಡಬಹುದು. ಈ ರೋಗಿಗೆ ಇನ್ನೊಂದು ಡೋಸ್ ಅಯೋಡಿನ್ ಕೊಟ್ಟಿದ್ದರೆ ಆ ಗಂಟಿಗೆ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಅದು ಅಯೋಡಿನ್ ಹಿಡಿಯುವುದೇ ಇಲ್ಲ. ಶ್ವಾಸಕೋಶದ ಚುಕ್ಕೆಗಳ ವಿಷಯ ಹಾಗಲ್ಲ. ಪೆಟ್ ಯಂತ್ರಕ್ಕೆ ಎಂಟು-ಹತ್ತು ಮಿಲಿಮೀಟರಿಗಿಂತ ಸಣ್ಣ ವಸ್ತು ಸರಿಯಾಗಿ ಸಿಗುವುದಿಲ್ಲ, ಅದರಲ್ಲೂ ಉಸಿರಾಟಕ್ಕೆ ಅಲುಗಾಡುವ ಶ್ವಾಸಕೋಶದಲ್ಲಿ. ಹೊಳೆಯಲಿಲ್ಲ ಅನ್ನುವುದನ್ನು 'ಕ್ಯಾನ್ಸರ್ ಅಲ್ಲ' ಅಂತ ಓದಿಕೊಂಡರೆ ಮೋಸ ಹೋಗುತ್ತೇವೆ. ಕೆಲವು ತಿಂಗಳು ಬಿಟ್ಟು ಇನ್ನೊಂದು ಸಿಟಿ ಮಾಡಿ, ಬೆಳೆದಿದೆಯಾ ನೋಡಬೇಕು. ರಿಪೋರ್ಟಿನ ಕೊನೆಯ ಎರಡು ಸಾಲು ಓದಿ ಫೈಲ್ ಮುಚ್ಚುವವರು ಈ ಚುಕ್ಕೆಗಳ ಸಾಲನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಪೂರ್ತಿ ಓದಿ, ಡಾಕ್ಟರ ಹತ್ತಿರ ಅದನ್ನೇ ಕೇಳಿ.

ಪೆಟ್ ಕೊಡುವ ಇನ್ನೊಂದು ಮಾಹಿತಿ ಇದೆ, ನನ್ನ ಪ್ರಕಾರ ಅದು ಜಾಗ ತೋರಿಸುವುದಕ್ಕಿಂತಲೂ ದೊಡ್ಡದು. ರೋಗದ ಸ್ವಭಾವ ಎಂಥದ್ದು ಅನ್ನುವುದನ್ನು ಅದು ಹೇಳುತ್ತದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟೆರಿಂಗ್ ಆಸ್ಪತ್ರೆಯ ವೈದ್ಯರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಕ್ಕರೆ ಹಿಡಿಯುವ ಗಡ್ಡೆಗಳ ಒಟ್ಟು ಗಾತ್ರ 125 ಎಂಎಲ್ ದಾಟಿದವರ ಬದುಕು ತುಂಬಾ ಕಡಿಮೆಯಾಗಿತ್ತು. 2006ರಲ್ಲಿ ಅದೇ ಆಸ್ಪತ್ರೆಯವರು 400 ರೋಗಿಗಳನ್ನು ನೋಡಿ ಬರೆದದ್ದು ಇನ್ನೂ ಸ್ಪಷ್ಟ. ಪೆಟ್‌ನಲ್ಲಿ ಎಷ್ಟು ಗಡ್ಡೆ ಹೊಳೆಯುತ್ತವೆ, ಎಷ್ಟು ಜೋರಾಗಿ ಹೊಳೆಯುತ್ತವೆ ಅನ್ನುವುದಕ್ಕೂ ರೋಗಿ ಎಷ್ಟು ಕಾಲ ಬದುಕುತ್ತಾರೆ ಅನ್ನುವುದಕ್ಕೂ ನೇರ ಸಂಬಂಧ ಕಂಡಿತು. ಬೇರೆ ಅಂಗಗಳಿಗೆ ಹರಡಿದ್ದರೂ ಪೆಟ್ ನೆಗೆಟಿವ್ ಇದ್ದವರು ಚೆನ್ನಾಗಿಯೇ ಇದ್ದರು. ಹಾಗಾಗಿ ಟಿಜಿ ಸ್ವಲ್ಪ ಇದ್ದು, ಪೆಟ್‌ನಲ್ಲಿ ಏನೂ ಹೊಳೆಯದ ರೋಗಿಗೆ ಅದು ನಿಜಕ್ಕೂ ಒಳ್ಳೆಯ ಸುದ್ದಿ. "ಎಲ್ಲಿದೆ ಅಂತ ಸಿಗಲಿಲ್ಲ" ಅಂತ ಬೇಜಾರು ಮಾಡಿಕೊಂಡು ಹೊರಗೆ ಬರುವವರಿಗೆ ಯಾರಾದರೂ ಇದನ್ನು ಕೂರಿಸಿ ಹೇಳಬೇಕು.

ಇನ್ನು ಆ 'ಕಣ್ಣುಮುಚ್ಚಿ ಕೊಡುವ' ಅಯೋಡಿನ್ ವಿಷಯ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಟಿಜಿ ಏರಿದೆ ಅಂತ 100-200 ಮಿಲಿಕ್ಯೂರಿ ಕೊಡುವ ಪದ್ಧತಿ ಪ್ರಪಂಚದ ಎಲ್ಲ ಕಡೆ ಇತ್ತು, ಈಗಲೂ ಇದೆ. ಕೆಲವರಿಗೆ ಉಪಯೋಗ ಆಗುತ್ತದೆ, ದೊಡ್ಡ ಡೋಸ್ ಕೊಟ್ಟ ಮೇಲಿನ ಸ್ಕ್ಯಾನ್‌ನಲ್ಲಿ ಸಣ್ಣ ಡೋಸ್‌ಗೆ ಕಾಣದ್ದು ಕಾಣಬಹುದು. ಹಾಗಾಗಿ ಒಂದು ಸಲ ಕೊಟ್ಟು ನೋಡುವುದನ್ನು ನಾನು ಪೂರ್ತಿ ತಪ್ಪು ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಪೆಟ್ ಮಾಡಿದರೆ ಎಷ್ಟೋ ಜನರಿಗೆ ಆ ಡೋಸೇ ಬೇಕಾಗುವುದಿಲ್ಲ. ಅಯೋಡಿನ್‌ಗೆ ಬೆಲೆ ಕೊಡಬೇಕಾಗುತ್ತದೆ: ಮೂರು-ನಾಲ್ಕು ವಾರ ಥೈರಾಕ್ಸಿನ್ ಮಾತ್ರೆ ನಿಲ್ಲಿಸಿ ಮೈಯೆಲ್ಲ ಊದಿಕೊಂಡು, ಸುಸ್ತಾಗಿ, ಚಳಿಯಲ್ಲಿ ಕೂರುವುದು, ಮೀನು, ಮೊಟ್ಟೆ, ಹಾಲು, ಅಯೋಡಿನ್ ಉಪ್ಪು ಬಿಟ್ಟು ಊಟ ಮಾಡುವುದು, ಆಮೇಲೆ ಆಸ್ಪತ್ರೆಯ ಕೋಣೆಯಲ್ಲಿ ಒಬ್ಬರೇ ಇರುವುದು. ಡೋಸ್ ಕೂಡಿದ ಹಾಗೆ ಜೊಲ್ಲು ಗ್ರಂಥಿಗಳು ಹಾಳಾಗಿ ಬಾಯಿ ಒಣಗುತ್ತದೆ, ಕೆಲವರಿಗೆ ಅನ್ನ ನುಂಗಲೂ ನೀರು ಬೇಕು ಅನ್ನುವ ಹಾಗೆ. ಕೆಲಸಕ್ಕೆ ಬಾರದ ಚಿಕಿತ್ಸೆಗೆ ಇಷ್ಟು ಕಷ್ಟ ಯಾಕೆ ಪಡಬೇಕು?

ಪೆಟ್ ಕೂಡ ತಪ್ಪು ದಾರಿ ತೋರಿಸಬಹುದು. ಅದು ಕ್ಯಾನ್ಸರ್ ಪತ್ತೆ ಮಾಡುವ ಯಂತ್ರವೇ ಅಲ್ಲ, ಸಕ್ಕರೆ ಎಲ್ಲಿ ಹೆಚ್ಚು ಖರ್ಚಾಗುತ್ತಿದೆ ಅನ್ನುವುದನ್ನು ತೋರಿಸುವ ಯಂತ್ರ. ಉರಿಯೂತ, ಸೋಂಕು ಇದ್ದ ಕಡೆಯೂ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಟಿಬಿ ಇಷ್ಟು ಸಾಮಾನ್ಯ ಆಗಿರುವಾಗ, ಎದೆಯೊಳಗಿನ ಲಿಂಫ್ ಗಂಟುಗಳು ಹೊಳೆದ ಕೂಡಲೇ ಕ್ಯಾನ್ಸರ್ ಹರಡಿದೆ ಅಂತ ತೀರ್ಮಾನಿಸುವುದು ಅಪಾಯ. ಎಷ್ಟೋ ಸಲ ಸೂಜಿ ಹಾಕಿ ನೋಡಿದಾಗ ಟಿಬಿ ಇರುತ್ತದೆ, ಇಲ್ಲವೇ ಸಾರ್ಕಾಯಿಡ್ ಅನ್ನುವ, ಕ್ಯಾನ್ಸರ್ ಅಲ್ಲದ ಉರಿಯೂತದ ರೋಗ ಇರುತ್ತದೆ. ಆಪರೇಷನ್ ಆದ ಹೊಸದರಲ್ಲಿ ಗಾಯ ಮಾಗುವ ಜಾಗವೂ ಹೊಳೆಯುತ್ತದೆ. ಚಳಿ ಆದರೆ ಕತ್ತು, ಭುಜದ ಬಳಿ ಮೈ ಬಿಸಿ ಮಾಡುವ ಕಂದು ಕೊಬ್ಬು ಹೊಳೆಯುತ್ತದೆ, ಸರಿಯಾಗಿ ಲಿಂಫ್ ಗಂಟುಗಳು ಇರುವ ಜಾಗದಲ್ಲೇ.

ಥೈರಾಯ್ಡ್ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಗೊಂದಲ ಇದೆ. ಆಪರೇಷನ್‌ನಲ್ಲಿ ಧ್ವನಿಯ ನರಕ್ಕೆ ಪೆಟ್ಟಾಗಿದ್ದರೆ ಒಂದು ಕಡೆಯ ಧ್ವನಿತಂತು ಅಲುಗಾಡುವುದಿಲ್ಲ. ಅದರ ಪಾಲಿನ ಕೆಲಸವನ್ನೂ ಇನ್ನೊಂದು ಕಡೆಯದು ಮಾಡಬೇಕು. ಹಾಗಾಗಿ ಚೆನ್ನಾಗಿರುವ ಕಡೆಯೇ ಪೆಟ್‌ನಲ್ಲಿ ಜೋರಾಗಿ ಹೊಳೆಯುತ್ತದೆ, ನೋಡುವವರಿಗೆ ಅಲ್ಲೊಂದು ಗಡ್ಡೆ ಇದ್ದ ಹಾಗೆ ಅನ್ನಿಸುತ್ತದೆ. ರೋಗಿಯ ಧ್ವನಿ ಗೊಗ್ಗರಾಗಿದೆ ಅಂತ ರಿಪೋರ್ಟ್ ಬರೆಯುವ ಡಾಕ್ಟರಿಗೆ ಗೊತ್ತಿದ್ದರೆ ಈ ಗೊಂದಲ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತದೆ. ಅದಕ್ಕೇ ಹಳೆಯ ಆಪರೇಷನ್ ವಿವರ, ಬಯಾಪ್ಸಿ ರಿಪೋರ್ಟ್, ಎಲ್ಲ ಟಿಜಿ ರಿಪೋರ್ಟ್ ದಿನಾಂಕ ಸಮೇತ ಸ್ಕ್ಯಾನ್ ಸೆಂಟರ್‌ಗೆ ತಗೊಂಡು ಹೋಗಬೇಕು. "ಸ್ಕ್ಯಾನ್ ತಾನೇ, ಚೀಟಿ ಒಂದಿದ್ದರೆ ಸಾಕು" ಅಂತ ಸುಮ್ನೆ ಹೋಗಬೇಡಿ.

ಆ ದಿನ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸಣ್ಣ ಸಣ್ಣ ವಿಷಯಕ್ಕೆ ಸ್ಕ್ಯಾನ್ ಕೆಡುತ್ತದೆ. ನಾಲ್ಕರಿಂದ ಆರು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಸಕ್ಕರೆ ಹಾಕಿದ ಕಾಫಿ, ಎಳನೀರು ಬೇಡ. ಹೋದ ಕೂಡಲೇ ಬೆರಳಿಗೆ ಚುಚ್ಚಿ ಗ್ಲೂಕೋಸ್ ನೋಡುತ್ತಾರೆ. 200 ದಾಟಿದ್ದರೆ ಬಹಳ ಕಡೆ ಅಂದು ಮಾಡುವುದೇ ಇಲ್ಲ. ರಕ್ತದಲ್ಲಿರುವ ನಿಜವಾದ ಸಕ್ಕರೆ, ಇಂಜೆಕ್ಷನ್‌ನ ಸಕ್ಕರೆಯ ಜೊತೆ ಪೈಪೋಟಿ ಮಾಡಿದರೆ ಗಡ್ಡೆ ಮಂಕಾಗಿ ಕಾಣುತ್ತದೆ. ಶುಗರ್ ಇದ್ದು ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಕರುಳು ಪೂರ್ತಿ ಹೊಳೆಯುತ್ತದೆ, ಮಾತ್ರೆ ನಿಲ್ಲಿಸಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಇಂಜೆಕ್ಷನ್ ಆದಮೇಲೆ ಸುಮಾರು ಒಂದು ಗಂಟೆ ಬೆಚ್ಚಗಿನ ಕೋಣೆಯಲ್ಲಿ ಹೊದ್ದು ಮಲಗಿರಬೇಕು. ಫೋನ್‌ನಲ್ಲಿ ಮಾತಾಡಬೇಡಿ, ಚೂಯಿಂಗ್ ಗಮ್ ಜಗಿಯಬೇಡಿ ಎನ್ನುತ್ತಾರೆ. ಅದು ಶಿಸ್ತಿಗಾಗಿ ಹೇಳುವ ಮಾತಲ್ಲ. ಮಾತಾಡಿದರೆ ಧ್ವನಿಪೆಟ್ಟಿಗೆಯ ಸ್ನಾಯು, ಜಗಿದರೆ ದವಡೆಯ ಸ್ನಾಯು ಸಕ್ಕರೆ ತಿನ್ನುತ್ತದೆ, ಮತ್ತೆ ಕತ್ತಿನ ಚಿತ್ರವೇ ಕೆಡುತ್ತದೆ. ಆಮೇಲೆ ಯಂತ್ರದೊಳಗೆ ಇಪ್ಪತ್ತು-ಮೂವತ್ತು ನಿಮಿಷ ಅಲುಗಾಡದೆ ಮಲಗಬೇಕು.

ಥೈರಾಕ್ಸಿನ್ ನಿಲ್ಲಿಸಿ, ಇಲ್ಲವೇ ಟಿಎಸ್‌ಎಚ್ (ಥೈರಾಯ್ಡ್ ಕೋಶಗಳನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಇಂಜೆಕ್ಷನ್ ತಗೊಂಡು ಪೆಟ್ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆಯಾ ಅಂತ ಕೆಲವರು ಕೇಳುತ್ತಾರೆ. 2009ರಲ್ಲಿ ಪ್ರಕಟವಾದ, ಫ್ರಾನ್ಸ್‌ನ ವೈದ್ಯರ ಮುಂದಾಳತ್ವದ ಒಂದು ಅಧ್ಯಯನದಲ್ಲಿ ಇಂಜೆಕ್ಷನ್ ಕೊಟ್ಟಾಗ ಸ್ವಲ್ಪ ಜಾಸ್ತಿ ಗಂಟುಗಳು ಕಂಡವು, ಆದರೆ ಅದರಿಂದ ಚಿಕಿತ್ಸೆ ಬದಲಾದದ್ದು ಕೆಲವೇ ಜನರಿಗೆ. ಆ ಇಂಜೆಕ್ಷನ್ ದುಬಾರಿ. ಮಾತ್ರೆ ನಿಲ್ಲಿಸುವ ಕಷ್ಟ ಬೇರೆ. ಮಾತ್ರೆ ತಗೊಳ್ಳುತ್ತಲೇ ಪೆಟ್ ಮಾಡಿಸುವುದು ಹೆಚ್ಚಿನವರಿಗೆ ಸಾಕು.

ಕರ್ನಾಟಕದವರಿಗೆ ಇನ್ನೊಂದು ತೊಡಕು, ದೂರ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಅದನ್ನು ಸೈಕ್ಲೋಟ್ರಾನ್ ಅನ್ನುವ ಯಂತ್ರದಲ್ಲಿ ಅಂದಂದೇ ತಯಾರಿಸಬೇಕು, ಇಟ್ಟುಕೊಳ್ಳಲು ಬರುವುದಿಲ್ಲ. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬೈನ ಪರೇಲ್‌ನಲ್ಲಿರುವ ರೇಡಿಯೇಷನ್ ಮೆಡಿಸಿನ್ ಸೆಂಟರ್‌ನಲ್ಲಿ ಶುರುವಾಯಿತು. ಈಗ ಬೆಂಗಳೂರಿನಲ್ಲೂ ತಯಾರಾಗುತ್ತದೆ, ಪೆಟ್ ಯಂತ್ರಗಳು ಬೇರೆ ಊರುಗಳಲ್ಲೂ ಬಂದಿವೆ. ಆದರೆ ಔಷಧಿ ರಸ್ತೆಯಲ್ಲಿ ಐದೂವರೆ ಗಂಟೆ ಬಂದರೆ ಉಳಿಯುವುದು ಎಂಟನೇ ಒಂದು ಭಾಗ. ದೂರದ ಊರಿನ ಸೆಂಟರ್‌ನಲ್ಲಿ ಬೆಳಿಗ್ಗೆ ಇಂತಿಷ್ಟು ಗಂಟೆಗೇ ಬನ್ನಿ, ತಡ ಆದರೆ ಆಗುವುದಿಲ್ಲ ಎನ್ನುವುದು ಇದಕ್ಕೇ. ಟ್ರಾಫಿಕ್‌ನಲ್ಲಿ ಗಾಡಿ ನಿಂತರೆ ಔಷಧಿಯೇ ಕರಗಿಹೋಗುತ್ತದೆ. ಖರ್ಚು ಖಾಸಗಿಯಲ್ಲಿ ಊರು, ಸೆಂಟರ್ ನೋಡಿಕೊಂಡು ಹತ್ತು ಸಾವಿರದ ಮೇಲೆಯೇ. ಅದಕ್ಕೆ ಊರಿನಿಂದ ಬಂದುಹೋಗುವ ಖರ್ಚು, ಜೊತೆಗೆ ಬಂದವರ ದಿನಗೂಲಿ ಸೇರಿಸಿ. ಅಗತ್ಯ ಇಲ್ಲದ ಪೆಟ್ ಬರೆದುಕೊಡುವುದು ಇಂಥ ಮನೆಗಳಿಗೆ ಮಾಡುವ ಅನ್ಯಾಯ. ವಿಕಿರಣದ ಲೆಕ್ಕವೂ ಇದೆ, ಇಂಜೆಕ್ಷನ್‌ನಿಂದ ಸುಮಾರು 5ರಿಂದ 7 ಮಿಲಿಸೀವರ್ಟ್, ಸಿಟಿಯದ್ದು ಅದರ ಮೇಲೆ. ಬೇಕಾದಾಗ ಇದು ಹೆದರುವಂಥದ್ದಲ್ಲ. ಇಪ್ಪತ್ತೈದು ವರ್ಷದ ಹುಡುಗಿಗೆ ವರ್ಷಾವರ್ಷ ಸುಮ್ಮನೆ ಮಾಡಿಸುವಂಥದ್ದೂ ಅಲ್ಲ.

ಪೆಟ್‌ನಲ್ಲಿ ಸಿಕ್ಕಿತು ಅಂತಾದರೆ ಮುಂದೇನು? ಒಂದೆರಡು ಜಾಗ ಆದರೆ ಆಪರೇಷನ್ ಅಥವಾ ಆ ಜಾಗಕ್ಕೆ ಮಾತ್ರ ರೇಡಿಯೇಷನ್. ಹಲವು ಕಡೆ ಇದ್ದು ನಿಧಾನಕ್ಕೆ ಬೆಳೆಯುತ್ತಿದ್ದರೆ ಟಿಎಸ್‌ಎಚ್ ಕೆಳಗಿಟ್ಟು ಕಾದು ನೋಡುವುದೂ ಚಿಕಿತ್ಸೆಯೇ. ಬೇಗ ಬೆಳೆಯುತ್ತಿದ್ದರೆ ಲೆನ್ವಾಟಿನಿಬ್, ಸೊರಾಫೆನಿಬ್ ತರಹದ ಮಾತ್ರೆಗಳಿವೆ. 2015ರಲ್ಲಿ ಪ್ರಕಟವಾದ ಲೆನ್ವಾಟಿನಿಬ್ ಪ್ರಯೋಗದಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ 18.3 ತಿಂಗಳು, ಖಾಲಿ ಮಾತ್ರೆ ತಗೊಂಡವರಲ್ಲಿ 3.6. ಬಿಪಿ ಏರುವುದು, ಭೇದಿ, ಸುಸ್ತು ಅದರ ಜೊತೆಗೇ ಬರುತ್ತವೆ, ಅದಕ್ಕೇ ಬೇಗ ಶುರು ಮಾಡಲು ಡಾಕ್ಟರು ಹಿಂದೆಮುಂದೆ ನೋಡುತ್ತಾರೆ.

ನನಗೆ ಬಹಳ ಆಸೆ ಹುಟ್ಟಿಸಿದ ದಾರಿ ಇನ್ನೊಂದು. ಅಯೋಡಿನ್ ಮರೆತ ಕೋಶಕ್ಕೆ ಔಷಧಿ ಕೊಟ್ಟು ಮತ್ತೆ ಅಯೋಡಿನ್ ಹಿಡಿಯುವ ಹಾಗೆ ಮಾಡುವುದು. 2013ರಲ್ಲಿ ಸೆಲುಮೆಟಿನಿಬ್ ಅನ್ನುವ ಔಷಧಿಯನ್ನು 20 ರೋಗಿಗಳಲ್ಲಿ ನೋಡಿದರು. ಸಕ್ಕರೆಯ ಬದಲು ಅಯೋಡಿನ್-124 ಬಳಸಿ ಮಾಡಿದ ಪೆಟ್‌ನಲ್ಲಿ 12 ಜನರಲ್ಲಿ ಅಯೋಡಿನ್ ಹಿಡಿಯುವುದು ಹೆಚ್ಚಾಯಿತು, 8 ಜನರಿಗೆ ಮತ್ತೆ ಅಯೋಡಿನ್ ಚಿಕಿತ್ಸೆ ಕೊಡುವಷ್ಟು. ಆ ಎಂಟರಲ್ಲಿ ಐವರ ಗಡ್ಡೆ ಕುಗ್ಗಿತು, ಮೂವರದು ಬೆಳೆಯದೆ ನಿಂತಿತು. ಸಣ್ಣ ಅಧ್ಯಯನ ನಿಜ, ಆದರೆ ಅಯೋಡಿನ್ ಬಾಗಿಲು ಒಮ್ಮೆ ಮುಚ್ಚಿದರೆ ಮುಗಿಯಿತು ಅನ್ನುವ ನಂಬಿಕೆಯನ್ನು ಅದು ಅಲುಗಾಡಿಸಿತು. ದೆಹಲಿಯ ಏಮ್ಸ್‌ನಲ್ಲಿ ಗಡ್ಡೆಯ ಸುತ್ತಲಿನ ನಾರುಕೋಶಗಳಿಗೆ ಅಂಟಿಕೊಳ್ಳುವ, ಫ್ಯಾಪಿ ಅನ್ನುವ ಬೇರೆ ಬಗೆಯ ವಸ್ತುವಿನಿಂದ ಸ್ಕ್ಯಾನ್ ಮತ್ತು ಚಿಕಿತ್ಸೆ ಎರಡನ್ನೂ ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಪ್ರಯತ್ನಿಸಿದ್ದಾರೆ.

ಮೆಡುಲ್ಲರಿ ಅನ್ನುವ ಬಗೆ ಇರುವವರು ಈ ಲೇಖನದ ಲೆಕ್ಕವನ್ನು ತಮಗೆ ಹಚ್ಚಿಕೊಳ್ಳಬೇಡಿ. ಅದು ಅಯೋಡಿನ್ ಹಿಡಿಯುವ ಕೋಶದಿಂದ ಹುಟ್ಟುವುದೇ ಅಲ್ಲ, ರಕ್ತದಲ್ಲಿ ಟಿಜಿ ಬದಲು ಕ್ಯಾಲ್ಸಿಟೋನಿನ್ ಮತ್ತು ಸಿಇಎ ಅನ್ನುವ ಬೇರೆ ಎರಡು ಗುರುತುಗಳನ್ನು ನೋಡುತ್ತಾರೆ, ಎಫ್‌ಡಿಜಿ ಪೆಟ್ ಅದರಲ್ಲಿ ಅಷ್ಟು ಚುರುಕಲ್ಲ. ಡೋಪಾ, ಡೋಟಾಟೇಟ್ ಅನ್ನುವ ಬೇರೆ ಪೆಟ್‌ಗಳು ಅಲ್ಲಿ ಬಳಕೆಗೆ ಬರುತ್ತವೆ.

ಕೊನೆಗೆ, ಟಿಜಿ ಏರಿದೆ, ಪೆಟ್ ಮಾಡಿಸಿದ್ದೀರಿ, ಏನೂ ಸಿಗಲಿಲ್ಲ ಅನ್ನುವವರು. ಇಂಥವರು ತುಂಬಾ ಇದ್ದಾರೆ. ಮೂರು ತಿಂಗಳಿಗೆ ಇನ್ನೊಂದು ಪೆಟ್ ಬೇಡ. ಆರು ತಿಂಗಳಿಗೊಮ್ಮೆ ಅದೇ ಲ್ಯಾಬ್‌ನಲ್ಲಿ ಟಿಜಿ ಮತ್ತು ಆಂಟಿಬಾಡಿ, ಅದೇ ದಿನ ಟಿಎಸ್‌ಎಚ್ ಕೂಡ, ಯಾಕೆಂದರೆ ಮಾತ್ರೆ ತಪ್ಪಿಸಿ ಟಿಎಸ್‌ಎಚ್ ಏರಿದ್ದರೆ ಟಿಜಿಯೂ ಏರುತ್ತದೆ, ರೋಗ ಬೆಳೆದಿರಬೇಕು ಅಂತಿಲ್ಲ. ಜೊತೆಗೆ ಕತ್ತಿನ ಅಲ್ಟ್ರಾಸೌಂಡ್, ಆದಷ್ಟು ಅದೇ ಡಾಕ್ಟರ ಹತ್ತಿರ. ನಂಬರುಗಳನ್ನು ದಿನಾಂಕದ ಜೊತೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟು ತಿಂಗಳಿಗೆ ದುಪ್ಪಟ್ಟಾಗುತ್ತಿದೆ ಅನ್ನುವುದು ಆ ಹಾಳೆಯಲ್ಲೇ ಕಾಣುತ್ತದೆ. ಬೇಗ ಬೇಗ ದುಪ್ಪಟ್ಟಾಗುತ್ತಿದ್ದರೆ ಮುಂದಿನ ಪೆಟ್‌ಗೆ ಅದೇ ಕಾರಣ. ಇದ್ದಲ್ಲೇ ನಿಂತಿದ್ದರೆ ಆ ದುಡ್ಡನ್ನು ಉಳಿಸಿ, ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಪ್ಪದೆ ತಗೊಳ್ಳಿ.